ಬಂಡೆ ಗಟ್ಟಿಯಾಗಿಯೇ ಇತ್ತು

ರಾಮನಗರದಿಂದ ಕನಕಪುರದ ಕಡೆಗೆ ಹೊರಟರೆ ನಡುವೆ ಸಿಗುವ ಹೋಬಳಿ ಕೈಲಾಂಚ. ಇಲ್ಲಿನ ರೇಷ್ಮೆ ಹುಳು ಮನೆಗಳಲ್ಲಿ ಒಂದು ಲೆಕ್ಕ ಮಾತ್ರ ತಪ್ಪುವಂತಿಲ್ಲ. ತೋಟದಲ್ಲಿ ಎಷ್ಟು ಸೊಪ್ಪಿದೆ ಎಂದು ನೋಡಿಕೊಂಡೇ ಮೊಟ್ಟೆ ತರಬೇಕು. ನೂರು ಮೊಟ್ಟೆಗೆ ಸಾಲುವ ಹಿಪ್ಪುನೇರಳೆ ಇಟ್ಟುಕೊಂಡು ಇನ್ನೂರು ಮೊಟ್ಟೆ ತಂದವನಿಗೆ ಮೊದಲ ಹದಿನೈದು ದಿನ ಏನೂ ತಿಳಿಯುವುದಿಲ್ಲ. ಚಾಕಿ ಹುಳು ಸಣ್ಣಗೆ ಹೆಚ್ಚಿದ ಸೊಪ್ಪನ್ನು ಮೆಲ್ಲಗೆ ತಿಂದುಕೊಂಡಿರುತ್ತದೆ. ನಾಲ್ಕನೇ ಜ್ವರ, ಎಂದರೆ ನಾಲ್ಕನೇ ಸಲ ಪೊರೆ ಕಳಚುವುದು, ಮುಗಿದು ಎದ್ದ ಮೇಲೆ ಅದರ ಹಸಿವೇ ಬೇರೆ. ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ತಿನ್ನತೊಡಗುತ್ತದೆ; ಜನ್ಮವಿಡೀ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲನ್ನು ಕೊನೆಯ ಏಳೆಂಟು ದಿನದಲ್ಲೇ ಮುಗಿಸುತ್ತದೆ. ಆಗ ಸೊಪ್ಪು ಸಾಲದೆ ಹೋದರೆ ರಾತ್ರೋರಾತ್ರಿ ಪಕ್ಕದ ತೋಟದವನ ಬಾಗಿಲು ತಟ್ಟಬೇಕು. ಅವನ ಜೊತೆ ಬದುವಿನ ಜಗಳ ಆಡಿಕೊಂಡಿದ್ದರೆ ಆ ಬೆಳೆ ಅಲ್ಲಿಗೇ ಹೋಯಿತು.

ರಾಜ್ಯಗಳ ಲೆಕ್ಕವೂ ಹೀಗೆಯೇ. ಇಂಗ್ಲಿಷಿನವರು ಗ್ರ್ಯಾಂಡ್ ಸ್ಟ್ರಾಟಜಿ ಎಂದು ಕರೆಯುವುದನ್ನು ಕನ್ನಡದಲ್ಲಿ ಮಹಾತಂತ್ರ ಎನ್ನಬಹುದು. ಕಾಳಗ ಗೆಲ್ಲುವುದು ಹೇಗೆ ಎಂಬುದು ದಂಡನಾಯಕನ ಚಿಂತೆ. ಯಾವ ಕಾಳಗಕ್ಕೆ ಇಳಿಯಲೇಬಾರದು, ಯಾರನ್ನು ಎದುರು ಹಾಕಿಕೊಳ್ಳಬಾರದು, ಬೊಕ್ಕಸ ತುಂಬುವುದು ಎಲ್ಲಿಂದ, ಇನ್ನು ಇಪ್ಪತ್ತು ವರ್ಷಕ್ಕೆ ರಾಜ್ಯ ಎಲ್ಲಿರಬೇಕು ಎಂಬುದೆಲ್ಲ ಒಟ್ಟು ಸೇರಿದರೆ ಮಹಾತಂತ್ರ. ಈ ಮಾತು ಬಂದ ಕೂಡಲೇ ಟಿವಿ ಚರ್ಚೆಗಳು ವಾಷಿಂಗ್ಟನ್, ಮಾಸ್ಕೊ, ಬೀಜಿಂಗ್ ಎಂದು ಓಡುತ್ತವೆ. ಆದರೆ ಈ ವಿಷಯದಲ್ಲಿ ಕನ್ನಡ ನಾಡು ಕಲಿತ ಅತ್ಯಂತ ದುಬಾರಿ ಪಾಠ ನಡೆದದ್ದು ಕೈಲಾಂಚದಿಂದ ಕಣ್ಣಿಗೆ ನಿಲುಕುವ ಬೆಟ್ಟಗಳ ಸಾಲಿನಲ್ಲಿ. ಎರಡು ಶತಮಾನ ಕಳೆದ ಮೇಲೆ ಇದೇ ರಾಮನಗರದ ಮತದಾರರು ಗೆಲ್ಲಿಸಿದ ಶಾಸಕರೊಬ್ಬರು ದೆಹಲಿಯಲ್ಲಿ ಕೂತು, ಆ ತಪ್ಪು ಮಾಡದೆ ಇರುವುದು ಹೇಗೆಂದು ತೋರಿಸಿದರು. ಎರಡೂ ಕಥೆಯನ್ನು ಪಕ್ಕಪಕ್ಕದಲ್ಲಿಟ್ಟು ಯಾರೂ ಹೇಳುವುದಿಲ್ಲ. ಹೇಳಲೇಬೇಕಾದ ಹೊತ್ತು ಇದು.

ಈ ಸೀಮೆಗೆ ರೇಷ್ಮೆ ಹುಳು ಬಂದದ್ದೇ ಅಂಥದೊಂದು ದೂರದ ಲೆಕ್ಕದಿಂದ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಆಳು ಕಳಿಸಿ ಹುಳು ತರಿಸಿದ. ಮಸ್ಕತ್‌ನಲ್ಲಿದ್ದ ತನ್ನ ವ್ಯಾಪಾರದ ಪ್ರತಿನಿಧಿಗಳಿಗೂ ಹುಳು ಹುಡುಕಿ ಕಳಿಸಲು ಬರೆದ. ಬಂಗಾಳದಿಂದ ಬರುತ್ತಿರುವ ಹುಳುವನ್ನು ಎಂಥ ಜಾಗದಲ್ಲಿ ಇಡಬೇಕು ಎಂದು ತಂದವರನ್ನೇ ಕೇಳಿ ತಿಳಿದುಕೊಳ್ಳಿ ಎಂದು ಅಧಿಕಾರಿಗೆ ತಾಕೀತು ಮಾಡಿದ ಪತ್ರ ಇಂದಿಗೂ ಓದಲು ಸಿಗುತ್ತದೆ. ಅರಸನೊಬ್ಬ ಹುಳುವಿನ ತಟ್ಟೆಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಶೋಕಿಗಲ್ಲ. ಈಸ್ಟ್ ಇಂಡಿಯಾ ಕಂಪನಿಯ ಬಲ ಇರುವುದು ಅದರ ಬಂದೂಕಿನಲ್ಲಲ್ಲ, ಬಂದೂಕಿಗೆ ದುಡ್ಡು ಒದಗಿಸುವ ವ್ಯಾಪಾರದಲ್ಲಿ ಎಂಬುದು ಅವನಿಗೆ ಹೊಳೆದಿತ್ತು. ಶ್ರೀಗಂಧ, ಮೆಣಸು, ಏಲಕ್ಕಿಯ ವಹಿವಾಟು ಸರ್ಕಾರದ ಕೈಗೆ ಬಂತು. ಮಸ್ಕತ್‌ನಲ್ಲಿ ಕೋಠಿ ತೆರೆಯಿತು. ಬಂದೂಕು ಎರಕ ಹೊಯ್ಯುವ ಕಾರ್ಖಾನೆಗಳು ಎದ್ದವು; ಕಬ್ಬಿಣದ ಕೊಳವೆಯ ರಾಕೆಟ್‌ಗಳು ಇಂಗ್ಲೆಂಡಿನವರನ್ನೂ ಬೆರಗುಗೊಳಿಸಿದವು. ಬೊಕ್ಕಸ, ಕಸುಬು, ಸೈನ್ಯ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬೇಕೆಂಬ ಅರಿವಿನಲ್ಲಿ ಅಂದಿನ ಭಾರತದ ಬೇರೆ ಅರಸರು ಅವನ ಹತ್ತಿರಕ್ಕೂ ಬರಲಿಲ್ಲ.

ಅವನ ಲೆಕ್ಕ ತಪ್ಪಿದ್ದು ಬೇಲಿಯ ಆಚೆ.

ಅಪ್ಪ ಹೈದರ್ ಅಲಿಗೆ ಅಕ್ಷರ ಬರುತ್ತಿರಲಿಲ್ಲ, ನೆರೆಯವರ ಮನಸ್ಸು ಓದುವುದು ಬರುತ್ತಿತ್ತು. 1769ರಲ್ಲಿ ಮದ್ರಾಸಿನ ಬಾಗಿಲಿಗೇ ಕುದುರೆ ಓಡಿಸಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬ ಮಾತು ಅದರಲ್ಲಿತ್ತು. ಎರಡು ವರ್ಷವೂ ಕಳೆದಿರಲಿಲ್ಲ, ಮರಾಠರು ಮೈಸೂರಿನ ಮೇಲೆ ಬಿದ್ದರು. ಕಂಪನಿ ಕೈಕಟ್ಟಿ ಕೂತಿತು. ದೂರದಿಂದ ಬಂದ ವ್ಯಾಪಾರಿಯ ಮಾತಿಗೆ ಎಷ್ಟು ಬೆಲೆ ಎಂದು ಹೈದರ್ ಅಂದೇ ತಿಳಿದುಕೊಂಡ. 1780ರಲ್ಲಿ ಅವನು ಮಾಡಿದ್ದು ಹಳೆಯ ಹಗೆಗಳನ್ನೇ ಜೊತೆಗೆ ಕರೆದುಕೊಳ್ಳುವ ಕೆಲಸ. ಪುಣೆಯ ನಾನಾ ಫಡ್ನವೀಸ್, ಹೈದರಾಬಾದಿನ ನಿಜಾಮ, ಶ್ರೀರಂಗಪಟ್ಟಣ ಮೂವರೂ ಕಂಪನಿಯ ವಿರುದ್ಧ ಒಂದಾದರು. ಆ ವರ್ಷ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾದಾಗ ಕಂಪನಿಯ ಬೇರೇ ಅಲ್ಲಾಡಿತ್ತು.

ವಾರನ್ ಹೇಸ್ಟಿಂಗ್ಸ್ ಇದಕ್ಕೆ ಕೊಟ್ಟ ಉತ್ತರವನ್ನು ಗಮನಿಸಬೇಕು. ಅವನು ಮೊದಲು ಕೈ ಹಾಕಿದ್ದು ಕತ್ತಿಗಲ್ಲ. ನಿಜಾಮನಿಗೆ ಗುಂಟೂರು ಬಿಟ್ಟುಕೊಟ್ಟು ಸಮಾಧಾನ ಮಾಡಿದ, ನಾಗಪುರದ ಭೋಂಸ್ಲೆಗೆ ಹಣ ಕೊಟ್ಟು ತಣ್ಣಗಾಗಿಸಿದ, 1782ರ ಮೇ ತಿಂಗಳಲ್ಲಿ ಸಾಲ್ಬಾಯ್ ಒಪ್ಪಂದ ಮಾಡಿಕೊಂಡು ಮರಾಠರನ್ನು ಯುದ್ಧದಿಂದ ಹೊರಗೆ ಸರಿಸಿದ. ಆ ವರ್ಷದ ಡಿಸೆಂಬರ್‌ನಲ್ಲಿ ಹೈದರ್ ಸತ್ತಾಗ ಕೂಟ ಕರಗಿಹೋಗಿತ್ತು. ಶತ್ರುವಿನ ಸ್ನೇಹಿತರನ್ನು ಒಬ್ಬೊಬ್ಬರನ್ನಾಗಿ ಬಿಡಿಸುವುದು, ತಾನು ಮಾತ್ರ ಎಂದೂ ಮೂವರನ್ನು ಒಟ್ಟಿಗೆ ಎದುರಿಸದಿರುವುದು: ಕಂಪನಿ ಮುಂದಿನ ಇಪ್ಪತ್ತು ವರ್ಷ ಬಿಡದೆ ಅನುಸರಿಸಿದ ದಾರಿ ಇದೇ.

ಟಿಪ್ಪು 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಕಂಪನಿಯೊಂದಿಗೆ ಸರಿಸಮವಾಗಿ ಕೂತು ಒಪ್ಪಂದ ಮಾಡಿಕೊಂಡ. ಅಲ್ಲಿಂದ ಮುಂದೆ ಅವನ ಕಣ್ಣು ದೂರಕ್ಕೆ ಹೋಯಿತು. 1786ರಲ್ಲಿ ಕರಾವಳಿಯಿಂದ ಹಡಗುಗಳು ಇಸ್ತಾಂಬುಲ್‌ನತ್ತ ಹೊರಟವು. ನೂರಾರು ಜನರ ದೊಡ್ಡ ನಿಯೋಗ ಅದು. ಬಿರುಗಾಳಿ, ಬೆಂಕಿ, ರೋಗಕ್ಕೆ ಸಿಕ್ಕಿ ಬಹುಪಾಲು ಮಂದಿ ಹಿಂದಿರುಗಲೇ ಇಲ್ಲ. ಆಟೊಮನ್ ಸುಲ್ತಾನನಿಗೆ ಆಗ ರಷ್ಯದ ಭಯ. ಇಂಗ್ಲಿಷರನ್ನು ಕೆಣಕುವ ಮನಸ್ಸು ಅವನಿಗೆ ಎಲ್ಲಿಂದ ಬರಬೇಕು? ಇನ್ನೊಂದು ನಿಯೋಗ ಪಾಂಡಿಚೇರಿಯಿಂದ ಹೊರಟು 1788ರ ಬೇಸಿಗೆಯಲ್ಲಿ ತೂಲಾನ್ ಬಂದರು ಮುಟ್ಟಿತು. ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ಮೈಸೂರಿನ ಮೂವರು ರಾಯಭಾರಿಗಳನ್ನು ಸಡಗರದಿಂದ ಬರಮಾಡಿಕೊಂಡ. ಪಿಂಗಾಣಿ ಸಾಮಾನು ಸಿಕ್ಕಿತು, ಕಸುಬುದಾರರು ಸಿಕ್ಕರು, ಸೈನ್ಯ ಸಿಗಲಿಲ್ಲ. ಮರು ವರ್ಷ ಆ ದೊರೆಯ ಸಿಂಹಾಸನವೇ ಅಲುಗಾಡತೊಡಗಿತು.

ಇದೇ ಹೊತ್ತಿನಲ್ಲಿ ಪಕ್ಕದ ಮನೆಗಳಲ್ಲಿ ಏನಾಗುತ್ತಿತ್ತು? 1785ರಲ್ಲಿ ನರಗುಂದದಿಂದ ಹೊತ್ತಿಕೊಂಡ ಜಗಳ ಮರಾಠರು ಮತ್ತು ನಿಜಾಮರ ವಿರುದ್ಧ ಎರಡು ವರ್ಷದ ಯುದ್ಧವಾಗಿ ಬೆಳೆಯಿತು. ರಣರಂಗದಲ್ಲಿ ಟಿಪ್ಪುವಿನದೇ ಮೇಲುಗೈ. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಬಾದಾಮಿಯಂಥ ಜಾಗಗಳನ್ನು ಬಿಟ್ಟುಕೊಟ್ಟು ಅವನೂ ಸಂಧಿಗೆ ಬಂದ. ಆದರೂ ಪುಣೆ, ಹೈದರಾಬಾದಿನ ಎದೆಯಲ್ಲಿ ಹೊಗೆ ಆರಲಿಲ್ಲ. ಆ ಹೊಗೆ ಆರುವ ಮೊದಲೇ, 1789ರ ಡಿಸೆಂಬರ್ 29ರಂದು, ಅವನು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಬೇಕಾಗಿದ್ದ ನೆಪ ತಾನಾಗಿ ಬಂದು ಕೈಗೆ ಬಿತ್ತು. 1790ರ ಜೂನ್‌ನಲ್ಲಿ ಪುಣೆ ಕಂಪನಿಯ ಜೊತೆ ಸಹಿ ಹಾಕಿತು, ಜುಲೈನಲ್ಲಿ ಹೈದರಾಬಾದು ಸಹಿ ಹಾಕಿತು. ಹತ್ತು ವರ್ಷದ ಹಿಂದೆ ಹೈದರ್ ಕಟ್ಟಿದ್ದ ಕೂಟವೇ ಮಗುಚಿ ಅವನ ಮಗನ ಮೇಲೆ ಬಿತ್ತು.

ಇನ್ನು ಮುಂದಿನದು ಕನಕಪುರ, ರಾಮನಗರ, ಮಾಗಡಿಯ ಕಥೆ.

1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ಹೆದ್ದಾರಿಯನ್ನು ಟಿಪ್ಪು ಕಾಯುತ್ತಿದ್ದುದರಿಂದ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಬಳಸುದಾರಿ ಹಿಡಿದ. ಶತ್ರುವಿಗೆ ಒಂದು ಹಿಡಿ ಮೇವೂ ಸಿಗಬಾರದೆಂದು ಟಿಪ್ಪುವಿನ ಸವಾರರು ಮುಂದೆ ಮುಂದೆ ಹೋಗಿ ಊರುಗಳನ್ನು ಖಾಲಿ ಮಾಡಿಸಿ ಸುಟ್ಟರು. ಕನಕಪುರ ಹೀಗೆ ತನ್ನ ದೊರೆಯ ಕೈಯಲ್ಲೇ ಬೂದಿಯಾದ ಊರು. ಯುದ್ಧತಂತ್ರವಾಗಿ ಅದು ಫಲಿಸಿತು. ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಕಂಪನಿಯ ಎತ್ತುಗಳು ಸಾಲಾಗಿ ಸತ್ತಿದ್ದವು, ಸಿಪಾಯಿಗಳು ಹೊಟ್ಟೆಗಿಲ್ಲದೆ ಸೊರಗಿದ್ದರು, ಮಳೆ ಹಿಡಿದಿತ್ತು. ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದೆ ತಿರುಗಿದ. ಆ ಹಿಮ್ಮೆಟ್ಟುವ ದಾರಿಯಲ್ಲಿ ಎದುರಿಗೆ ದೊಡ್ಡ ಕುದುರೆ ದಂಡೊಂದು ಕಂಡಿತು. ಹರಿಪಂತ ಮತ್ತು ಪರಶುರಾಮ ಭಾವೂನ ಮರಾಠಾ ಸೈನ್ಯ ಅದು. ಅದರ ಹಿಂದೆ ಇಡೀ ಒಂದು ಬಜಾರು: ಅಕ್ಕಿ, ಜೋಳ, ಎತ್ತು, ಬೇಕಾದ್ದೆಲ್ಲ. ದುಬಾರಿ ಬೆಲೆ ತೆತ್ತಾದರೂ ಹಸಿದ ಕಂಪನಿ ಸೈನ್ಯ ಉಂಡಿತು, ಉಳಿಯಿತು. ಸುಟ್ಟ ಕನಕಪುರ ಯಾರನ್ನು ಉಪವಾಸ ಕೆಡವಿತ್ತೋ ಅವರಿಗೆ ಅನ್ನ ಕೊಟ್ಟವರು ಮೈಸೂರಿನ ನೆರೆಯವರು. ಇಡೀ ಯುದ್ಧದ ತಿರುವು ಆ ಬಜಾರಿನಲ್ಲಿದೆ, ಮುಂದೆ ಬಿದ್ದ ಕೋಟೆಗಳಲ್ಲಿ ಅಲ್ಲ.

ಕೋಟೆಗಳು ಬಿದ್ದದ್ದು ಆ ವರ್ಷದ ಚಳಿಗಾಲದಲ್ಲಿ. ಮಾಗಡಿಯ ಸಾವನದುರ್ಗ 1,226 ಮೀಟರ್ ಎತ್ತರದ ಒಂಟಿ ಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರ, ನಡುವೆ ಕಂದಕ, ಸುತ್ತ ದಟ್ಟ ಕಾಡು. ಮುತ್ತಿಗೆ ಹಾಕಿದವರನ್ನು ಕಾಡಿನ ಜ್ವರವೇ ಮುಗಿಸುತ್ತದೆ ಎಂಬ ನಂಬಿಕೆ ಇತ್ತು. ಡಿಸೆಂಬರ್ 10ರಂದು ಮುತ್ತಿಗೆ ಶುರುವಾಯಿತು. ಕಾಡು ಕಡಿದು, ಫಿರಂಗಿಗಳನ್ನು ಬಂಡೆಯ ಮೇಲೆ ಎಳೆದು, ಗೋಡೆ ಒಡೆದರು. 21ರಂದು ಹಾಡುಹಗಲಲ್ಲೇ ದಾಳಿ ಮಾಡಿ ಸ್ವಲ್ಪ ಹೊತ್ತಿನಲ್ಲೇ ಹಿಡಿದರು. ಸಾವನದುರ್ಗವೇ ಹೋಯಿತೆಂಬ ಸುದ್ದಿಗೆ ಸುತ್ತಲಿನ ದುರ್ಗಗಳ ಎದೆ ಒಡೆಯಿತು. ಅದೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗ ಒಂದರ ಹಿಂದೆ ಒಂದು ಕೈಬಿಟ್ಟವು. ರಾಮಗಿರಿ ಎಂದರೆ ಇಂದಿನ ರಾಮದೇವರ ಬೆಟ್ಟ. ‘ಶೋಲೆ’ ಚಿತ್ರೀಕರಣ ನಡೆದ ಜಾಗ ಎಂದು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಬಂಡೆಗಳ ನಡುವೆ ಒಂದು ಸಾಮ್ರಾಜ್ಯದ ಬೆನ್ನೆಲುಬು ಮುರಿದಿತ್ತೆಂದು ಅಲ್ಲಿ ಒಂದು ಫಲಕವಾದರೂ ಹೇಳಬೇಕು.

1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅಷ್ಟಾದ ಮೇಲೂ ಟಿಪ್ಪು ದೂರದವರಿಗೇ ಕೈ ಚಾಚಿದ. ಕಾಬೂಲಿನ ಜಮಾನ್ ಷಾಗೆ ಪತ್ರ ಹೋಯಿತು. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಾಲಾರ್ಟಿಕ್, ಸೈನ್ಯದ ನೆರವು ಬೇಕೆಂಬ ಮೈಸೂರಿನ ಗುಟ್ಟಿನ ಕೋರಿಕೆಯನ್ನು ಬಹಿರಂಗ ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿದ. ಅದನ್ನು ನಂಬಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಆ ನೂರು ಮಂದಿಯನ್ನೇ ನೆಪ ಮಾಡಿಕೊಂಡು ಲಾರ್ಡ್ ವೆಲ್ಲೆಸ್ಲಿ ಕೊನೆಯ ಯುದ್ಧ ಹೂಡಿದ. 1799ರ ಮೇ 4ರಂದು ಎಲ್ಲ ಮುಗಿಯಿತು. ಮರು ವರ್ಷ ದಿವಾನ್ ಪೂರ್ಣಯ್ಯ ರಾಮಗಿರಿಯ ಬುಡದಲ್ಲಿ ಪೇಟೆ ಕಟ್ಟಿಸಿ ಅದಕ್ಕೆ ಇಂಗ್ಲಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ. ಆ ಕ್ಲೋಸ್‌ಪೇಟೆಗೆ ರಾಮನಗರ ಎಂಬ ಹೆಸರು ಬರಲು ಕೆಂಗಲ್ ಹನುಮಂತಯ್ಯನವರ ಕಾಲದವರೆಗೆ ಕಾಯಬೇಕಾಯಿತು. ಭೂವಿಜ್ಞಾನಿಗಳು ಮಾತ್ರ ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಶಿಲೆಯನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಬಂಡೆ ಗಟ್ಟಿಯಾಗಿಯೇ ಇತ್ತು. ಗೆದ್ದವರ ಹೆಸರು ಅದಕ್ಕೂ ಅಂಟಿಕೊಂಡಿತು.

ಟಿಪ್ಪುವಿನ ಬಗ್ಗೆ ಕರ್ನಾಟಕದಲ್ಲಿ ನಡೆಯುವ ವಾದಗಳು ಬಹುತೇಕ ಅವನ ಧರ್ಮದ ಸುತ್ತ ಗಿರಕಿ ಹೊಡೆಯುತ್ತವೆ. ಆ ಗದ್ದಲದಲ್ಲಿ ಅವನ ವಿದೇಶನೀತಿಯನ್ನು ತಾಳ್ಮೆಯಿಂದ ತೂಗಿ ನೋಡುವ ಕೆಲಸ ಹಿಂದೆ ಬಿದ್ದಿದೆ. ನಷ್ಟ ಇಂದಿನವರಿಗೇ. ಅವನೊಬ್ಬನೇ ಈ ತಪ್ಪು ಮಾಡಿದವನಲ್ಲ ಎಂಬುದೂ ಮುಖ್ಯ. ವಿಜಯನಗರದ ರಾಮರಾಯ ವರ್ಷಗಟ್ಟಲೆ ದಖನ್ನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಳಿದ. ಒಂದು ದಿನ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ನಾಲ್ಕೂ ಒಂದಾದವು. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಬಳಿ ನಡೆದದ್ದು ಎಲ್ಲರಿಗೂ ಗೊತ್ತು. ಯೂರೋಪಿನಲ್ಲಿ ಬಿಸ್ಮಾರ್ಕ್‌ಗೆ ನಿದ್ದೆಗೆಡಿಸುತ್ತಿದ್ದ ದುಃಸ್ವಪ್ನ ಇದೇ: ನೆರೆಯವರೆಲ್ಲ ಒಟ್ಟಾಗಿ ಜರ್ಮನಿಯ ಮೇಲೆ ಬೀಳುವುದು. ಅದಕ್ಕಾಗಿ ರಷ್ಯದೊಂದಿಗೆ ಗುಟ್ಟಿನ ಒಪ್ಪಂದ ಕಾಪಾಡಿಕೊಂಡಿದ್ದ. 1890ರಲ್ಲಿ ಅವನನ್ನು ಮನೆಗೆ ಕಳಿಸಿದ ಚಕ್ರವರ್ತಿ ಆ ಒಪ್ಪಂದವನ್ನು ಸಾಯಲು ಬಿಟ್ಟ. 1894ಕ್ಕೆ ಫ್ರಾನ್ಸ್, ರಷ್ಯ ಕೈ ಹಿಡಿದವು. 1907ರ ಹೊತ್ತಿಗೆ ಬ್ರಿಟನ್ನೂ ಅವರ ಕಡೆಗೆ ವಾಲಿತ್ತು. ಜರ್ಮನಿಯ ಫಿರಂಗಿಗಳಿಗಾಗಲಿ ಕಾರ್ಖಾನೆಗಳಿಗಾಗಲಿ ಕೊರತೆ ಇರಲಿಲ್ಲ.

ಇದನ್ನೆಲ್ಲ ಎರಡು ಸಾವಿರ ವರ್ಷ ಹಿಂದೆಯೇ ಬರೆದಿಟ್ಟಿದ್ದ ಪುಸ್ತಕ ಮತ್ತೆ ಬೆಳಕಿಗೆ ಬಂದದ್ದೂ ಮೈಸೂರಿನಲ್ಲಿ. 1905ರಲ್ಲಿ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ನೆರೆಯವನು ಶತ್ರು, ನೆರೆಯವನ ನೆರೆಯವನು ಮಿತ್ರ ಎಂಬ ಮಂಡಲ ಸಿದ್ಧಾಂತವನ್ನಷ್ಟೇ ಜನ ಅದರಿಂದ ಎತ್ತಿ ಹೇಳುತ್ತಾರೆ. ಅದೇ ಗ್ರಂಥ ರಾಜ್ಯಕ್ಕೆ ಏಳು ಅಂಗ ಹೇಳುತ್ತದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಈ ಸಾಲು ಸುಮ್ಮನೆ ಜೋಡಿಸಿದ್ದಲ್ಲ. ಮೊದಲು ಬರುವ ಅಂಗಕ್ಕೆ ಬಂದ ಕೇಡು ನಂತರದ್ದಕ್ಕಿಂತ ಹೆಚ್ಚು ಗಂಡಾಂತರ ಎಂದೇ ಕೌಟಿಲ್ಯನ ತೀರ್ಮಾನ. ಅಂದರೆ ಕೋಟೆಗಿಂತ ಮೊದಲು ಹಳ್ಳಿ, ದೂರದ ಗೆಳೆಯ ಎಲ್ಲಕ್ಕಿಂತ ಕೊನೆಗೆ. ಸಾವನದುರ್ಗಕ್ಕಿಂತ ಮೊದಲು ಕೈಲಾಂಚ.

ಈಗ ಎರಡನೆಯ ಕಥೆ. 1994ರ ಡಿಸೆಂಬರ್‌ನಲ್ಲಿ ರಾಮನಗರ ವಿಧಾನಸಭಾ ಕ್ಷೇತ್ರದಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು, 1996ರ ಜೂನ್ 1ರಂದು ಪ್ರಧಾನಿಯಾದರು. ಹತ್ತು ತಿಂಗಳು ಚಿಲ್ಲರೆ ಬಾಳಿದ, ಹದಿಮೂರು ಪಕ್ಷಗಳ ಸರ್ಕಾರ ಎಂದು ಆ ಕಾಲವನ್ನು ತಳ್ಳಿಹಾಕುವುದು ವಾಡಿಕೆ. ಆ ಹತ್ತು ತಿಂಗಳಲ್ಲಿ ಆದದ್ದನ್ನು ಎಣಿಸಿ ನೋಡಬೇಕು. ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಅಮೆರಿಕದ ಒತ್ತಡಕ್ಕೆ ಮಣಿಯದೆ ಅಣು ಪರೀಕ್ಷೆ ನಿಷೇಧ ಒಪ್ಪಂದವನ್ನು ಭಾರತ ತಡೆಯಿತು. ರಾಯಭಾರಿ ಅರುಂಧತಿ ಘೋಷ್ ಅಲ್ಲಿ ಒಂಟಿಯಾಗಿ ನಿಂತು ವಾದಿಸಿದರು. ಎರಡು ವರ್ಷದ ನಂತರದ ಪೋಖ್ರಾನ್ ಅಣು ಪರೀಕ್ಷೆಗೆ ಬಾಗಿಲು ತೆರೆದಿಟ್ಟದ್ದು ಆ ನಿರಾಕರಣೆ. ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಲಂಡನ್‌ನಲ್ಲಿ ಭಾರತದ ನೆರೆನೀತಿಯನ್ನು ಬಿಡಿಸಿ ಹೇಳಿದರು: ನೇಪಾಳ, ಭೂತಾನ್, ಬಾಂಗ್ಲಾದೇಶ, ಮಾಲ್ದೀವ್ಸ್, ಶ್ರೀಲಂಕಾದಂಥ ನೆರೆಯವರಿಗೆ ಭಾರತ ಕೊಟ್ಟದ್ದಕ್ಕೆ ಸಮನಾಗಿ ತಿರುಗಿ ಕೇಳುವುದಿಲ್ಲ. ಚೀನಾದ ಅಧ್ಯಕ್ಷ ಜಿಯಾಂಗ್ ಝೆಮಿನ್ ದೆಹಲಿಗೆ ಬಂದಿದ್ದಾಗ ನವೆಂಬರ್ 29ರಂದು ಗಡಿಯಲ್ಲಿ ಸೈನ್ಯಗಳ ಸಂಯಮದ ಒಪ್ಪಂದವಾಯಿತು. ವಾಸ್ತವ ನಿಯಂತ್ರಣ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಕೂಡದು ಎಂಬ ನಿಯಮ ಅದರಲ್ಲಿದೆ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ಇಪ್ಪತ್ತು ಯೋಧರು ಬಲಿಯಾದ ರಾತ್ರಿಯೂ ಬಂದೂಕು ಸಿಡಿಯದ್ದಕ್ಕೆ, ಅದು ಎರಡು ಅಣ್ವಸ್ತ್ರ ದೇಶಗಳ ಯುದ್ಧವಾಗದ್ದಕ್ಕೆ, ಈ ಕಾಗದವೂ ಒಂದು ಕಾರಣ.

ಎಲ್ಲಕ್ಕಿಂತ ದೊಡ್ಡದು ಡಿಸೆಂಬರ್ 12ರಂದು ಆಯಿತು. ದೇವೇಗೌಡರು ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. 1975ರಲ್ಲಿ ಫರಕ್ಕಾ ಅಣೆಕಟ್ಟು ಶುರುವಾದಂದಿನಿಂದ ಎರಡೂ ದೇಶದ ಸಂಬಂಧಕ್ಕೆ ಮುಳ್ಳಾಗಿದ್ದ ವಿಷಯವದು. ಲೆಕ್ಕ ನೇರ. ಬೇಸಿಗೆಯಲ್ಲಿ, ಎಂದರೆ ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನದ ಕಂತು. ಫರಕ್ಕಾದಲ್ಲಿ 70 ಸಾವಿರ ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 75 ಸಾವಿರದವರೆಗೆ ಬಾಂಗ್ಲಾಕ್ಕೆ 35 ಸಾವಿರ. ಅದಕ್ಕಿಂತ ಹೆಚ್ಚಾದರೆ ಭಾರತಕ್ಕೆ 40 ಸಾವಿರ, ಉಳಿದದ್ದು ಅವರಿಗೆ. 50 ಸಾವಿರಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರ ತಕ್ಷಣ ಕೂತು ಮಾತಾಡಬೇಕು. ಸಂಕಟದ ವರ್ಷದ ಸೂತ್ರ ಮೊದಲೇ ಬರೆದಿಟ್ಟ ಒಪ್ಪಂದ ಇದು.

ಅರ್ಕಾವತಿ ನದಿ ರಾಮನಗರ ದಾಟಿ ಕನಕಪುರದ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಸ್ವಲ್ಪ ಕೆಳಗೆ ಮೇಕೆದಾಟು. ಹಂಚಿಕೆಯ ಸೂತ್ರ ಗಟ್ಟಿಯಾಗಿಲ್ಲದೆ ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ ಎಂಬುದು ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಿತು; 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್, ಮತ್ತೆ ಬೀದಿ. ಕಾವೇರಿಯ ಜಗಳದಲ್ಲೇ ರಾಜಕೀಯ ಜೀವನ ಕಳೆದ ನಾಯಕನಿಗೆ ಗಂಗೆಯ ಕೆಳಗಿನ ದಂಡೆಯ ರೈತನ ಆತಂಕ ತಟ್ಟನೆ ಅರ್ಥವಾಗಿರಬೇಕು. ಒಪ್ಪಂದದಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಮರು ವರ್ಷದ ಬೇಸಿಗೆಯಲ್ಲೇ ಹರಿವು ಕುಸಿದು ಢಾಕಾದಲ್ಲಿ ದೂರು ಎದ್ದಿತು. ಆದರೂ ಅದು ಮುರಿಯಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರನ್ನು ಮೊದಲೇ ಜೊತೆಗೆ ಕರೆದುಕೊಂಡಿದ್ದು ಅದನ್ನು ಗಟ್ಟಿ ಮಾಡಿತು. 2011ರಲ್ಲಿ ತೀಸ್ತಾ ನದಿಯ ಒಪ್ಪಂದ ಮುಖ್ಯಮಂತ್ರಿಯ ಒಪ್ಪಿಗೆಯಿಲ್ಲದೆ ಕಡೇ ಗಳಿಗೆಯಲ್ಲಿ ಮುರಿದುಬಿದ್ದದ್ದನ್ನು ಇದರ ಪಕ್ಕ ಇಟ್ಟು ನೋಡಿದರೆ, ವಿದೇಶನೀತಿಯನ್ನು ದೆಹಲಿಯೊಂದೇ ಮಾಡಲಾಗದೆಂಬುದು ಸ್ಪಷ್ಟ.

ಆ ಮಾತು ರೇಷ್ಮೆಗೂ ಸಲ್ಲುತ್ತದೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ನೂಲು ಹರಿದು ಬಂತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ದರ ಬಿತ್ತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಬೇಕಾಯಿತು. ಚನ್ನಪಟ್ಟಣದ ಮರದ ಆಟಿಕೆಯದ್ದು ಇದಕ್ಕೆ ತಿರುಗುಮುರುಗು. 2020ರಲ್ಲಿ ಆಟಿಕೆಯ ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರಿಂದ ಗುಣಮಟ್ಟದ ಮುದ್ರೆಯಿಲ್ಲದ ಆಟಿಕೆ ದೇಶದೊಳಗೆ ಬರುವಂತಿಲ್ಲ. ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಡುವ ಕೈಗಳಿಗೆ ಇದರಿಂದ ಒಂದಿಷ್ಟು ಉಸಿರು ಸಿಕ್ಕಿತು. ಚೀನಾವನ್ನು ಎದುರಿಸುವ ತಂತ್ರ ಲಡಾಖ್‌ನಲ್ಲಿ ಎಷ್ಟು ನಡೆಯುತ್ತದೋ ಈ ಸುಂಕದ ಪಟ್ಟಿಯಲ್ಲೂ ಅಷ್ಟೇ ನಡೆಯುತ್ತದೆ. ರೇಷ್ಮೆ ಬೆಳೆಗಾರರ, ನೂಲು ಬಿಚ್ಚಣಿಕೆದಾರರ ಮಾತು ಕೇಳದೆ ಬರೆದ ಸುಂಕದ ಸಾಲು ಜನಪದ ಎಂಬ ಅಂಗಕ್ಕೇ ಏಟು.

ಇಂದು ಭಾರತದ ವಿದೇಶನೀತಿಯ ಚರ್ಚೆಯೆಲ್ಲ ದೊಡ್ಡವರ ಅಂಗಳದಲ್ಲಿದೆ. ಗೆಳೆಯ ಎಂದುಕೊಂಡಿದ್ದ ಅಮೆರಿಕ 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿತು. ವರ್ಸೇಲ್ಸ್‌ನ ಪಿಂಗಾಣಿ ನೆನಪಾಗಬೇಕಾದ ಗಳಿಗೆ ಅದು. ಅಷ್ಟರಲ್ಲಿ ಬೇಲಿಯ ಆಚೆ ಬಹಳಷ್ಟು ಕೈತಪ್ಪಿತ್ತು. ಶ್ರೀಲಂಕಾದ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾ ಕಂಪನಿಯ ಪಾಲಾಯಿತು. 2024ರ ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದ ಮೇಲೆ ಢಾಕಾದ ಬೀದಿಯಲ್ಲಿ ಭಾರತದ ಮೇಲಿನ ಸಿಟ್ಟು ಎದ್ದು ಕಂಡಿತು. ಒಬ್ಬ ನಾಯಕಿಯ ಜೊತೆಗಿನ ಗೆಳೆತನವನ್ನೇ ಒಂದು ದೇಶದ ಜೊತೆಗಿನ ಗೆಳೆತನ ಎಂದುಕೊಂಡದ್ದರ ಬೆಲೆ ಇದು.

ಗಂಗಾ ಒಪ್ಪಂದದ ಅವಧಿ ಮೂವತ್ತು ವರ್ಷ. ಅದು 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ದೆಹಲಿ ಇದನ್ನು ಎಂಜಿನಿಯರುಗಳ ಕಡತವೆಂದು ಬದಿಗಿಡದೆ, ಪುಣೆಯೋ ಹೈದರಾಬಾದೋ ಕೈತಪ್ಪುವ ಮೊದಲಿನ ಕೊನೆಯ ಮಾತುಕತೆ ಎಂಬಂತೆ ಕೈಗೆತ್ತಿಕೊಳ್ಳಬೇಕು. ಕೋಲ್ಕತ್ತ, ಪಟ್ನಾದ ಸರ್ಕಾರಗಳನ್ನು ಮೊದಲ ದಿನದಿಂದಲೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಸ್ವಲ್ಪ ನೀರು ಹೆಚ್ಚು ಬಿಡಬೇಕಾಗಿ ಬಂದರೂ ಬಿಡುವ ಧೈರ್ಯ ಬೇಕು. 1996ರಲ್ಲಿ ಇದ್ದದ್ದು ಆ ಧೈರ್ಯ. ಪ್ರತಿ ಬೇಸಿಗೆ ಫರಕ್ಕಾದಲ್ಲೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ಎರಡು ದೇಶದ ತಂಡಗಳು ದಿನವೂ ಜೊತೆಯಾಗಿ ನಿಂತು ನೀರಿನ ಮಟ್ಟ ಓದಿ ಬರೆದುಕೊಳ್ಳುತ್ತವೆ. 2027ರ ಜನವರಿ 1ರ ಬೆಳಿಗ್ಗೆ ಆ ಅಳತೆಗೋಲಿನ ಮುಂದೆ ಇಬ್ಬರೂ ಇರುವಂತೆ ನೋಡಿಕೊಳ್ಳುವುದು ಈಗ ಆಗಬೇಕಾದ ಕೆಲಸ.